ಲಗ್ನಪತ್ರಿಕೆಗೆ ಅಕಾರಾದಿ ಹಚ್ಚಿದ್ದು

ಎಂಸಿಎ ಮುಗಿಸಿ ಮುದ್ದೇಬಿಹಾಳದ ಮನೆಗೆ ಬಂದು ಕೂತ ವರ್ಷ ನನಗೆ ಎರಡು ಕೆಲಸಗಳಿದ್ದವು. ಎರಡಕ್ಕೂ ಪಗಾರ ಇರಲಿಲ್ಲ. ಮುಂಜಾನೆ ಸಂದರ್ಶನದ ಪ್ರಶ್ನೋತ್ತರ ಬಾಯಿಪಾಠ. ಮಧ್ಯಾಹ್ನ ಬಸ್‌ಸ್ಟ್ಯಾಂಡ್ ಹತ್ತಿರದ ಪ್ರಿಂಟಿಂಗ್ ಪ್ರೆಸ್ಸಿನ ಕಂಪ್ಯೂಟರಿನಲ್ಲಿ, ಲಗ್ನಪತ್ರಿಕೆ ಜೋಡಿಸುವ ನನ್ನದೇ ಒಂದು ಪ್ರೋಗ್ರಾಮ್. ಓದಲು ಕೂತರೆ ಪ್ರೋಗ್ರಾಮಿನ ತಪ್ಪು ನೆನಪಾಗುತ್ತಿತ್ತು, ಪ್ರೋಗ್ರಾಮಿಗೆ ಕೂತರೆ ಓದದೆ ಬಿಟ್ಟ ಪಾಠ. ಹೀಗಾಗಿ ಎರಡನ್ನೂ ಭೇದಭಾವವಿಲ್ಲದೆ ಹಾಳು ಮಾಡುತ್ತಿದ್ದೆ.

"ನೌಕರಿ ಕೊಡವ್ರು ಲಗ್ನಪತ್ರಿಕಿ ಕೇಳ್ತಾರೇನವಾ?" ಎಂದು ಅವ್ವ ಕೇಳುತ್ತಿದ್ದಳು.

"ಪ್ರಾಜೆಕ್ಟ್ ಏನ್ ಮಾಡೀರಿ ಅಂತ ಕೇಳ್ತಾರಬೇ," ಎನ್ನುತ್ತಿದ್ದೆ.

ಎಲ್ಲ ಸಂದರ್ಶನದಲ್ಲೂ ತಪ್ಪದೆ ಬರುವ ಪ್ರಶ್ನೆ ಒಂದಿತ್ತು: ಒಂದು ಪಟ್ಟಿಯನ್ನು ಕ್ರಮವಾಗಿ ಜೋಡಿಸಿ ತೋರಿಸು. ಅದನ್ನು ಕಲಿತ ದಿನವೇ ಪತ್ರಿಕೆಯ ಪ್ರೋಗ್ರಾಮಿಗೂ ಸೇರಿಸಿಬಿಟ್ಟೆ. ಓದೂ ಆಯಿತು, ಪ್ರಾಜೆಕ್ಟೂ ಆಯಿತು. ಪತ್ರಿಕೆಯ ಕೊನೆಗೆ 'ಸುಖಾಗಮನ ಬಯಸುವವರು' ಎಂದು ಒಂದು ರಾಶಿ ಹೆಸರು ಬರುತ್ತವಲ್ಲ, ಅವು ತಾವಾಗಿಯೇ ಅಕಾರಾದಿಯಲ್ಲಿ ಕೂಡುತ್ತಿದ್ದವು. ಪ್ರೆಸ್ಸಿನ ಕಾಕಾ ಬೆರಗಾಗಿ ಚಹಾ ತರಿಸಿದರು. ಮೊದಲ ಪ್ರಯೋಗ ನಮ್ಮಕ್ಕನ ಲಗ್ನಪತ್ರಿಕೆ, ಐದು ನೂರು ಪ್ರತಿ. ಮುಹೂರ್ತ ನೋಡಿದೆ, ಕಾಗುಣಿತ ನೋಡಿದೆ. ಹೆಸರುಗಳ ಸಾಲು ನೋಡಲಿಲ್ಲ. ಕಂಪ್ಯೂಟರ್ ಜೋಡಿಸಿದ್ದನ್ನು ನೋಡುವುದೇನು?

ಮೊದಲ ಪತ್ರಿಕೆ ದೇವರಿಗೆ, ಎರಡನೆಯದು ತವರಿಗೆ. ಅವ್ವ ತಾನೇ ನಾಲತವಾಡಕ್ಕೆ ಹೋಗಿ ತನ್ನ ತಮ್ಮನಿಗೆ, ಅಂದರೆ ನನ್ನ ಸೋದರಮಾವನಿಗೆ, ಕೊಟ್ಟು ನಗುನಗುತ್ತ ಬಂದಳು. ಮರುದಿನ ಅತ್ತೆಯ ಫೋನು. ಎತ್ತಿದವಳು ನಾನು.

"ಪತ್ರಿಕಿ ನೋಡಿದಾಗಿಂದ ನಿಮ್ಮ ಮಾಮಾ ಒಂದ್ ತುತ್ತು ಉಂಡಿಲ್ಲ ನೋಡವಾ."

ಪತ್ರಿಕೆ ತೆರೆದೆ. ನಮ್ಮ ಕಡೆ ಆ ಪಟ್ಟಿಯ ಮೊದಲ ಹೆಸರು ಸೋದರಮಾವನದು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಎಲ್ಲರಿಗೂ ಗೊತ್ತು. ಮಾವನ ಹೆಸರು 'ಹ'ದಿಂದ ಶುರು, ಎಲ್ಲರಿಗಿಂತ ತಳದಲ್ಲಿತ್ತು. ಎಲ್ಲರ ಮೇಲೆ ನಮ್ಮ ಹಾಲಿನವರು ವಿರಾಜಮಾನರಾಗಿದ್ದರು. ಅವರದು 'ಅ'. ಮರ್ಯಾದೆಗೆಂದು ಸೇರಿಸಿದ ಹೆಸರು. ನಮ್ಮಲ್ಲಿ ಮದುಮಗಳನ್ನು ಕೈಹಿಡಿದು ಹಂದರಕ್ಕೆ ಕರೆತರುವವನು ಸೋದರಮಾವ. ತವರೆಂದು ಅವ್ವನಿಗೆ ಉಳಿದವನೂ ಅವನೊಬ್ಬನೇ. ಅವನು ಬರದಿದ್ದರೆ ಅವ್ವ ಆ ಹಂದರದಲ್ಲಿ ಹೇಗೆ ನಿಲ್ಲಬೇಕು? ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ!

ಅಂದು ಸಂಜೆಯೇ ನಾನು ಪುಣೆಗೆ ಸಂದರ್ಶನಕ್ಕೆ ಹೊರಡುವುದಿತ್ತು. ಆ ಬಸ್ಸು ನನ್ನ ಸೀಟನ್ನು ಖಾಲಿ ಒಯ್ದಿತು. ಅವ್ವನಿಗೆ ಪ್ರೆಸ್ಸಿಗೆ ಹೊರಟೆನೆಂದು ಸುಳ್ಳು ಹೇಳಿ ನಾಲತವಾಡದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕ್ಷಮೆ ಕೇಳುವುದನ್ನು ಬಾಯಿಪಾಠ ಮಾಡಿದೆ; ಬೇರೆ ತರಹದ ತಯಾರಿ ನನಗೆ ಗೊತ್ತಿರಲಿಲ್ಲ.

ಮಾವ ಕಟ್ಟೆಯ ಮೇಲೆ ಕೂತಿದ್ದ.

"ತಪ್ಪಾತ್ರಿ ಮಾಮಾ. ನಿಮ್ಮ ಹೆಸರು ನಾ ಕೆಳಗ ಹಾಕಿದ್ದಲ್ಲರಿ, ಅಕ್ಷರದ ಪ್ರಕಾರ ಕಂಪ್ಯೂಟರ್ ಒಯ್ದೈತಿ. ಸಿಟ್ಟಾಗಬ್ಯಾಡ್ರಿ, ಲಗ್ನಕ್ಕ ಬರ್ರಿ," ಎಂದು ಒಂದೇ ಉಸಿರಿಗೆ ಒದರಿದೆ.

"ಬರದ ಏನ್ ಮಾಡ್ಲಿ? ಯಾರಿಗೆ ಸಿಟ್ಟು?" ಎನ್ನುತ್ತ ಮಾವ ಒಳಗಿನಿಂದ ಪತ್ರಿಕೆ ತಂದ. ಹಾಲಿನವರ ಹೆಸರಿನ ಮೇಲೆ ದಪ್ಪಗೆ ಕುಂಕುಮವಿತ್ತು.

"ನಿಮ್ಮವ್ವ ಹಚ್ಚ್ಯಾಳ. ಮ್ಯಾಲಿನ ಹೆಸರಿನ ಮ್ಯಾಲ ಬೆರಳಿಟ್ಟು, 'ಇಲ್ನೋಡೋ ನಿನ್ನ ಹೆಸರು, ನನ್ನ ಮಗಳು ಹಾಕ್ಯಾಳ' ಅಂದ್ಲು. ನಾ 'ಹೌದಕ್ಕ, ಚಂದ ಬಂದೈತಿ' ಅಂದೆ."

ಕುಂಕುಮದ ಕೆಳಗಿನ ಹಾಲಿನವರ ಹೆಸರನ್ನು ನಾನು ಇನ್ನೊಮ್ಮೆ ಓದಿದೆ.

"ಅವಾಗಿಂದ ತುತ್ತು ಇಳೀವಲ್ದವಾ," ಎಂದ ಮಾವ. "ಅಕಿಗೆ ಓದಾಕ ಯಾಕ ಬರೂದಿಲ್ಲ ಗೊತ್ತೇನು? ನಾ ಹುಟ್ಟಿದ ವರ್ಷ ಅಕಿನ್ನ ಸಾಲಿ ಬಿಡಿಸಿದ್ರು. ನನ್ನ ಎತ್ಕೊಂಡು ಆಡಸಾಕ."