ಪಾರಿವಾಳದ ಸೇವೆ ಬಿಡಿಸಿದ ಈರಣ್ಣ

ಭಕ್ತಬಂಧುಗಳೇ, ಉರುಕುಂದದ ಈರಣ್ಣನನ್ನು ನಾನು ಬೇಡಿಕೊಂಡವಳಲ್ಲ, ಬೈದವಳು. ಅದನ್ನು ಮುಚ್ಚಿಟ್ಟು ಬರೆದರೆ ಅವನೇ ನಕ್ಕಾನು.

ಎರಡನೆಯ ಮಹಾಯುದ್ಧ ಶುರುವಾದ ಮರುವರ್ಷದ ಮಾಘದಲ್ಲಿ ನಮ್ಮ ಮನೆಯವರಿಗೆ ಕೆಮ್ಮು ಹತ್ತಿತು. ಪೆದ್ದಕಡುಬೂರಿನ ಈಶ್ವರ ಗುಡಿಯ ಅಟ್ಟದಲ್ಲಿ ಪಾರಿವಾಳದ ಹಿಕ್ಕೆ ಗುಡಿಸುವುದು ನಮ್ಮ ಮನೆತನದ ಸೋಮವಾರದ ಸೇವೆ. ಗುಡಿಯ ಹೊಲಕ್ಕೆ ಗೊಬ್ಬರವಾಗಬೇಕೆಂದು ನೀರು ಚಿಮುಕಿಸದೆ ಒಣದಾಗಿಯೇ ಗುಡಿಸಬೇಕು. ಕೆಮ್ಮಿನಿಂದ ಎರಡು ವಾರ ತಪ್ಪಿತು. ಅಷ್ಟಕ್ಕೇ ನಮ್ಮತ್ತೆ, "ಸೇವಾ ಬಿಟ್ಟಿ, ಅದಕ್ಕ ದೇವ್ರು ಎದಿ ಹಿಡಿದಾನ. ಇನ್ನ ದಿನಾ ಗುಡಿಸು" ಎಂದರು. ತಾಯಿಯ ಮಾತಿಗೆ ಅವರು ದಿನಾ ದೂಳು ಕುಡಿದರು.

ಯುಗಾದಿಯ ಹೊತ್ತಿಗೆ ತಲೆ ಸಿಡಿಯಿತು, ಕುತ್ತಿಗೆ ಸೆಟೆಯಿತು. ನನ್ನ ಹೆಸರೇ ಅವರಿಗೆ ಮರೆತುಹೋಯಿತು.

"ಗಾಳಿ ಬಡದೈತಿ" ಎಂದರು ಅತ್ತೆ.

"ಗಾಳಿ ಅಲ್ಲ ಅತ್ತಿ, ನಿಮ್ಮ ಕಸಬರಿಗಿ ಬಡದೈತಿ" ಎಂದೆ.

"ಇಕಿ ನಾಲಿಗಿ ನೋಡ್ರಿ! ತವರಿನವರು ಎಮ್ಮಿಗನೂರಿನ ಮಗ್ಗದ ಮ್ಯಾಲೆ ನೇದು ಕಳಿಸ್ಯಾರ, ಮುಗಿಯಂಗನ ಇಲ್ಲ!"

ಬಂಡಿಯಲ್ಲಿ ಆದೋನಿ, ಅಲ್ಲಿಂದ ರೈಲು ಹತ್ತಿ ದೊಡ್ಡಾಸ್ಪತ್ರೆ ಸೇರಿದೆವು. ಡಾಕ್ಟರು ಬೆನ್ನೆಲುಬಿನಿಂದ ನೀರು ತೆಗೆದು ಪರೀಕ್ಷಿಸಿದರು. "ಕ್ಷಯ ಅಲ್ಲಮ್ಮಾ. ಎದಿಯಾಗ, ಮೆದುಳಿನ ಸುತ್ತ ಬೂಷ್ಟು ಬೆಳದೈತಿ. ಹೆಂಗ ಬಂತೋ ತಿಳೀದು. ಇದಕ್ಕ ಮದ್ದು ಇಲ್ಲ. ನೀರು ತೆಗದರ ನೋವು ಇಳೀತೈತಿ, ಅಷ್ಟ."

ಆಸ್ಪತ್ರೆಯ ಬೇವಿನ ಮರದಡಿ ನಿಂತು ಕೂಗಿದೆ: "ಈಶ್ವರ ಅಂತ ಕುಂತರೂ ನೀನ, ಈರಣ್ಣ ಅಂತ ನಿಂತರೂ ನೀನ. ನಿನ್ನ ಕಸ ಬಳದವರ ಎದಿಯಾಗ ಬೂಷ್ಟು ಬೆಳಸ್ತಿಯೇನು? ಕೇಳು, ಅವರು ಉಳದರೂ ಈ ಸೇವಾ ನಮ್ಮ ಮನಿಗೆ ಮುಗೀತು, ಉಳೀದಿದ್ದರೂ ಮುಗೀತು!" ಎಲ್ಲರೂ ಹರಕೆ ಹೊರುತ್ತಾರೆ. ನಾನು ಹೊತ್ತದ್ದನ್ನೇ ಇಳಿಸಿದೆ. ಪಕ್ಕದ ರೋಗಿಯ ಹೆಂಡತಿ ಹೆದರಿ ದೂರ ಸರಿದಳು.

ಡಾಕ್ಟರು ದಿನ ಬಿಟ್ಟು ದಿನ ನೀರು ತೆಗೆದರು. ಹನ್ನೆರಡನೆಯ ದಿನ ಮನೆಯವರು ನನ್ನ ಹೆಸರು ಹಿಡಿದು ಕರೆದು, "ರೊಟ್ಟಿ ಐತೇನು?" ಎಂದರು. ಜ್ಯೇಷ್ಠದಲ್ಲಿ ಆ ನೀರಿನಲ್ಲಿ ಬೂಷ್ಟು ಕಾಣಲಿಲ್ಲ. ಡಾಕ್ಟರು ಎರಡು ಸಲ ನೋಡಿದರು. "ನಾ ಏನೂ ಮಾಡಿಲ್ಲಮ್ಮಾ" ಎಂದರು.

ಊರಿಗೆ ಬಂದದ್ದು ಭಾನುವಾರ. ಅತ್ತೆ ಮಗನ ಗಲ್ಲ ಸವರಿ ಅತ್ತರು. ಕಣ್ಣೊರೆಸಿಕೊಂಡವರೇ, "ದೇವ್ರು ಉಳಿಸ್ಯಾನ. ನಾಳೆ ಅಟ್ಟ ಹತ್ತು" ಎಂದರು.

"ಅತ್ತಿ, ಉಳಿಸಿದವನ ಜೊತಿ ನನ್ನ ಮಾತಾಗೇತಿ. ನೀವು ನಡುವ ಬರಬ್ಯಾಡ್ರಿ."

ಅಂದಿನಿಂದ ಅತ್ತೆ ನನ್ನೊಡನೆ ಮಾತು ಬಿಟ್ಟಿದ್ದಾರೆ. ನಾನಿದನ್ನು ಬರೆಯುವಾಗ ಮನೆಯವರು ಕಟ್ಟೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಕುಳಿತಿದ್ದಾರೆ. ಸ್ವಾಮೀ, ಬೈಗುಳವನ್ನೂ ಮೊರೆಯೆಂದು ತೆಗೆದುಕೊಂಡವನೇ, ನಿನ್ನ ಪಾದ ಇನ್ನು ಬಿಡುವವಳಲ್ಲ.