ಎಡಗಡೆಯ ಸದ್ದು

ಎಲ್ಲರೂ ಅವನನ್ನು ಕಿವಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಕಾರಿನಲ್ಲಿ ಏನೋ ಸದ್ದು ಎಂದು ಯಾರಾದರೂ ಬಂದರೆ ಅವನು ಬಾನೆಟ್ ಎತ್ತುತ್ತಿರಲಿಲ್ಲ, ಜಾಕ್ ಹಾಕುತ್ತಿರಲಿಲ್ಲ. ಡ್ರೈವರ್ ಪಕ್ಕದ ಎಡ ಸೀಟಿನಲ್ಲಿ ಕೂತು, ಕಿಟಕಿ ಇಳಿಸಿ, ಕಣ್ಣು ಮುಚ್ಚಿ, "ಹೂಂ, ನಡಿ" ಎನ್ನುತ್ತಿದ್ದ. ಎರಡು ಮೈಲಿ ಮುಗಿಯುವುದರೊಳಗೆ ರೋಗ ಏನು, ಯಾವ ಚಕ್ರದ್ದು ಎಂದು ಹೇಳಿಬಿಡುತ್ತಿದ್ದ. ಮೂವತ್ತು ವರ್ಷ ಹೀಗೇ ನಡೆದಿತ್ತು. ಚಕ್ರ ಎತ್ತಿ ಅಲ್ಲಾಡಿಸಿ ನೋಡುವ ಮೆಕ್ಯಾನಿಕ್‌ಗಳನ್ನು ಕಂಡರೆ ಅವನಿಗೆ ನಗು.

ಆ ಮಧ್ಯಾಹ್ನ ಸ್ಟೇರಿಂಗ್ ಹಿಡಿದಿದ್ದವಳು ಮಗಳು. ಒಂಬತ್ತು ಮಕ್ಕಳನ್ನು ದಿನವೂ ಗುಡ್ಡದ ಮೇಲಿನ ಶಾಲೆಗೆ ಹತ್ತಿಸಿ ಇಳಿಸುವ ವ್ಯಾನು ಅವಳದು. ಮುಂದಿನ ಚಕ್ರದಲ್ಲಿ ಕರಕರ ಸದ್ದೆಂದು ಮೊನ್ನೆ ತಂದಿದ್ದಳು. ಅಪ್ಪ ಕೇಳಿ, ಎಡಗಡೆಯ ಬೇರಿಂಗ್ ಬದಲಾಯಿಸಿ ಕೊಟ್ಟಿದ್ದ. ಸದ್ದು ಹೋಗಿರಲಿಲ್ಲ, ಹೆಚ್ಚಿತ್ತು. ಇನ್ನೊಂದು ಗಂಟೆಯಲ್ಲಿ ಶಾಲೆ ಬಿಡಲಿತ್ತು.

"ಬ್ರೇಕ್ ಒತ್ತು," ಎಂದ. ಒತ್ತಿದಳು. ಸದ್ದು ಬದಲಾಗಲಿಲ್ಲ.

"ಹಾಗಾದ್ರೆ ಬ್ರೇಕ್ ಪ್ಯಾಡ್ ಅಲ್ಲ, ಬೇರಿಂಗೇ. ಎಡಗಡೇದೇ. ಹೊಸದ್ರಲ್ಲೇ ಏನೋ ಐಬಿದೆ."

"ಮೊನ್ನೆನೂ ಎಡ, ಇವತ್ತೂ ಎಡ. ನಿನ್ನ ಬಾಯಲ್ಲಿ ಬಲ ಅನ್ನೋ ಮಾತೇ ಬರಲ್ವೇನಪ್ಪಾ?"

ಅವನು ಕಣ್ಣು ಮುಚ್ಚಿ, ತೆರೆದ ಕಿಟಕಿಯ ಗಾಳಿಗೆ ಕಿವಿಕೊಟ್ಟು ಕೂತೇ ಇದ್ದ. ರಸ್ತೆ ಖಾಲಿಯಿತ್ತು. ಅವಳು ವ್ಯಾನನ್ನು ಮೆಲ್ಲಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಲಾಡಿಸಿದಳು. "ಎಡಕ್ಕೆ ತಿರುಗಿಸಿದ್ರೆ ಜಾಸ್ತಿ ಆಗುತ್ತೆ, ಬಲಕ್ಕೆ ತಿರುಗಿಸಿದ್ರೆ ಕಮ್ಮಿ. ಕೇಳಿಸ್ತಾ?"

ಆಗಲೂ ಉತ್ತರವಿಲ್ಲ. ಅವಳು ಅಪ್ಪನ ಮುಖ ನೋಡಿದಳು. ಆಮೇಲೆ, ಮಾಮೂಲಿ ಮಾತಿನ ದನಿಯಲ್ಲೇ, "ಅಪ್ಪಾ, ಚಕ್ರ ಕಳಚಿ ನಮಗಿಂತ ಮುಂದೆ ಓಡ್ತಾ ಇದೆ," ಎಂದಳು.

ಅವನು ಕಣ್ಣು ತೆರೆಯದೆ ತಲೆಯಾಡಿಸಿದ. "ಹೂಂ, ನಡಿ."

ವ್ಯಾನು ನಿಂತಿತು. ಅವಳು ಇಳಿದು, ಸುತ್ತಿ ಬಂದು, ಅವನ ಕಿಟಕಿಯ ಬಳಿ ಬಗ್ಗಿದಳು.

"ಬಲಗಿವಿ ಯಾವತ್ತಿಂದ ಕೇಳಿಸ್ತಿಲ್ಲ?"

ಅವನು ಮಂಡಿಯ ಮೇಲಿದ್ದ ತನ್ನ ಕೈ ನೋಡಿಕೊಂಡ. "ಐದಾರು ತಿಂಗಳಾಯ್ತು. ಒಂದು ಇದೆಯಲ್ಲ, ಸಾಕು ಅಂದ್ಕೊಂಡೆ."

"ಅಮ್ಮಂಗೆ ಗೊತ್ತಾ?"

"ಅವಳ ಮಾತು ಕೇಳಿಸದಿದ್ರೆ ಅವಳಿಗೇನೂ ಹೊಸದಲ್ಲ."

ಮಗಳು ನಗಲಿಲ್ಲ. ಒಂದೇ ಕಿವಿಗೆ ಸದ್ದಿನ ದಿಕ್ಕು ತಿಳಿಯುವುದಿಲ್ಲ. ಎಲ್ಲ ಸದ್ದೂ ಆ ಕಿವಿಯ ಕಡೆಯಿಂದಲೇ ಬಂದಂತೆ ಇರುತ್ತದೆ. ಅವನಿಗೆ ಅದು ಹೊಳೆದದ್ದು ಆಗಲೇ. "ಎಡಕ್ಕೆ ತಿರುಗಿಸಿದ್ರೆ ಜಾಸ್ತಿ ಆಯ್ತಾ?" ಎಂದು ಕೇಳಿದ. ಅವಳು ಹೌದೆಂದಳು. ಎಡಕ್ಕೆ ತಿರುಗಿದಾಗ ಗಾಡಿಯ ಭಾರ ಬೀಳುವುದು ಬಲ ಚಕ್ರದ ಮೇಲೆ. ಕಲಿಯಲು ಬಂದವರಿಗೆ ಅವನೇ ಹೇಳಿಕೊಟ್ಟ ಪಾಠ.

ಬಲಗಡೆ ಜಾಕ್ ಕೊಟ್ಟು ಎತ್ತಿದರು. ಚಕ್ರದ ನಡುಭಾಗ ಮುಟ್ಟಲಾಗದಷ್ಟು ಕಾದಿತ್ತು. ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದ. ಬೀಳಲಿರುವ ಹಲ್ಲಿನಂತೆ ಅದು ಕೈಯಲ್ಲಿ ಆಡಿತು. ಇನ್ನು ಸ್ವಲ್ಪ ಹೊತ್ತಿಗೆ ಇದೇ ಚಕ್ರದ ಮೇಲೆ ಒಂಬತ್ತು ಮಕ್ಕಳು ಗುಡ್ಡ ಇಳಿಯಬೇಕಿತ್ತು.

ಮಗಳು ಶಾಲೆಗೆ ಫೋನ್ ಮಾಡಿ ವ್ಯಾನು ಬರುವುದಿಲ್ಲವೆಂದಳು. ಆಮೇಲೆ ಅವನ ಎಡಕ್ಕೆ ಬಂದು ನಿಂತಳು.

"ಅಪ್ಪಾ, ಈ ಐದಾರು ತಿಂಗಳಲ್ಲಿ ಇನ್ನೆಷ್ಟು ಗಾಡಿಗೆ ಎಡ ಅಂತ ಹೇಳಿದೀಯ?"

ಅವನು ಬೆರಳು ಮಡಚತೊಡಗಿದ. ಹಾಲಿನ ವ್ಯಾನು. ಸೂಲಗಿತ್ತಿಯ ಕಾರು. ಹೋದ ವಾರ ಬಂದಿದ್ದ, ಇವತ್ತು ದೂರದ ಊರಿಗೆ ಹೊರಡುವೆವೆಂದಿದ್ದ ಗಂಡ ಹೆಂಡತಿ. ನಾಲ್ಕನೆಯ ಬೆರಳಿಗೆ ಕೈ ನಿಂತಿತು.

"ಫೋನ್ ಕೊಡು," ಎಂದ.

ಜೇಬಿನ ಪುಟ್ಟ ಪುಸ್ತಕ ನೋಡಿ, ಗಂಡ ಹೆಂಡತಿಯ ನಂಬರಿಗೇ ಮೊದಲು ಮಾಡಿದ. ಫೋನನ್ನು ಎಡಗಿವಿಗೆ ಒತ್ತಿ ಹಿಡಿದು ಕಾದ. ರಿಂಗ್ ಆಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ.