ಗಂಟೆ ಕೇಳಿದರೆ ಸಾಕೆಂದವರು

ನಿನ್ನೆ ಮಧ್ಯಾಹ್ನ ನನ್ನ ಅಂಗಡಿಯೆದುರು ಒಂದು ಪಿಕಪ್ ಬಂದು ನಿಂತಿತು. ಹಿಂದೆ ತುಂಬ ಆನೆಗೆ ಹಾಕುವ ಬೈನೆ ಸೊಪ್ಪು, ಆಗಷ್ಟೇ ಕಡಿದದ್ದು. ಡ್ರೈವರ್ ಎಳನೀರು ಕೇಳಿದ. ಕೆತ್ತಲು ಕತ್ತಿ ಎತ್ತಿದವಳು ಹಾಗೇ ನಿಂತುಬಿಟ್ಟೆ. ಹಸಿ ಬೈನೆಯ ವಾಸನೆಯಲ್ಲಿ ಒಂದು ಒಗರಿದೆ, ಗಂಟಲಲ್ಲಿ ಕೂರುವಂಥದ್ದು. ಅದರ ಹಿಂದೆಯೇ ಬೀಡಿ, ತೆಂಗಿನೆಣ್ಣೆ, ಒದ್ದೆ ಆನೆಯ ಮೈ... ಇಲ್ಲಿ ಯಾವುದೂ ಇರಲಿಲ್ಲ, ಆದರೂ ಬಂತು.

"ಅಕ್ಕ, ಎಂತ ಆಯ್ತು?" ಎಂದ ಅವನು. ಎಂತ ಆಗುವುದು, ಪ್ರಾಯ ಆಯಿತು ಎಂದೆ. ಅದೂ ಸುಳ್ಳಲ್ಲ. ಬೆಳಿಗ್ಗೆ ಬಾಳೆಗೊನೆ ಎತ್ತಿ ಕಟ್ಟಿದರೆ ಸಂಜೆಯವರೆಗೆ ಸೊಂಟ ನನ್ನದಾಗಿರುವುದಿಲ್ಲ.

ಆ ವಾಸನೆಯ ಮಾವುತರನ್ನು ನಾವೆಲ್ಲ ಕಾಕ ಎನ್ನುತ್ತಿದ್ದೆವು. ಗುರುವಾಯನಕೆರೆಯ ಪೇಟೆಯಲ್ಲಿ ನಿಂತು ಕಾಕ ಎಂದು ಕರೆದರೆ ಅರ್ಧ ಪೇಟೆ ತಿರುಗಿ ನೋಡುತ್ತದೆ, ಹಾಗಾಗಿ ಇವರು ಆನೆ ಕಾಕ. ಬಂಟ್ವಾಳದ ಬ್ಯಾರಿ ಕುಟುಂಬದವರು. ತಂದೆ ಅಲ್ಲಿಯ ಮರದ ಡಿಪೋ ಒಂದರಲ್ಲಿ ಆನೆ ನಡೆಸುತ್ತಿದ್ದರಂತೆ. ತಾಯಿ ತಪ್ಪಿದ ಒಂದು ಹೆಣ್ಣು ಮರಿ ಆ ಡಿಪೋಗೆ ಬಂದಾಗ ಕಾಕನಿಗೆ ಇನ್ನೂ ಮೀಸೆ ಚಿಗುರುತ್ತಿದ್ದ ಕಾಲ. ಗಂಜಿ ಕುಡಿಸಿ, ಸೊಪ್ಪು ತಿನ್ನಿಸಿ, ಕೂರು, ಏಳು, ಮರ ಹಿಡಿ ಎಂದು ಒಂದೊಂದೇ ಮಾತು ಕಲಿಸಿದವರು ಅವರೇ. ಅವಳನ್ನು 'ಬಾಲೆ' ಎಂದು ಕರೆಯುತ್ತಿದ್ದರು. ತುಳುವಿನಲ್ಲಿ ಹಾಗೆಂದರೆ ಮಗು. ಅವಳು ಗುಡ್ಡದ ಹಾಗೆ ಬೆಳೆದು ನಿಂತ ಮೇಲೂ ಬಾಲೆಯೇ.

ಕ್ರೇನು ಬಂತು, ಡಿಪೋ ಮುಚ್ಚಿತು. ಮೂಡುಬಿದಿರೆ ರಸ್ತೆಯಿಂದ ಒಳಗಿರುವ ಒಂದು ಜೈನರ ಬೀಡಿನ, ಎಂದರೆ ಹಳೆಯ ದೊಡ್ಡಮನೆಯ, ಧಣಿಗಳು ಆನೆಯನ್ನು ತೆಗೆದುಕೊಂಡರು. "ಅವಳನ್ನು ಧಣಿಗಳು ಕೊಂಡದ್ದು, ನಾನು ಫ್ರೀ ಸಿಕ್ಕಿದ್ದು" ಎಂದು ಕಾಕ ನಗುತ್ತಿದ್ದರು. ಬಸದಿಯ ಪೂಜೆ, ಪೊಳಲಿ ಕಡೆಯ ಮೆರವಣಿಗೆ, ಎಲ್ಲಿಗೆ ಕರೆದರೂ ಇಬ್ಬರೂ ನಡೆದೇ ಹೋಗುತ್ತಿದ್ದರು. ಬೀಡಿನ ಅಂಗಳಕ್ಕೆ ಮೀನಿನ ವಾಸನೆ ಬರಬಾರದೆಂದು ಮೀನು ತಿಂದ ದಿನ ಆನೆಯ ಜೊತೆ ತಾನೂ ತೋಡಿನ ನೀರಿನಲ್ಲಿ ಮಿಂದೇ ಒಳಗೆ ಹೋಗುತ್ತಿದ್ದರು. ಹಾಗೆಂದು ಯಾರೂ ಅವರಿಗೆ ಹೇಳಿರಲಿಲ್ಲ.

ಬಂಟ್ವಾಳದಲ್ಲಿ ಹೆಂಡತಿ, ಒಬ್ಬಳು ಮಗಳು. ಹಬ್ಬಕ್ಕೆ ಹೋಗಿ ಮರುದಿನವೇ ವಾಪಸು. ಅವರ ಹೆಂಡತಿ ಒಮ್ಮೆ ನನ್ನ ಅಂಗಡಿಯಲ್ಲಿ ಕುಳಿತು, "ಇನ್ನೊಂದು ಹೆಂಗಸನ್ನು ಕಟ್ಟಿಕೊಂಡಿದ್ರೆ ಹೋಗಿ ಜಗಳವಾದ್ರೂ ಮಾಡ್ಬಹುದಿತ್ತು. ಆನೆಯ ಹತ್ರ ಎಂತ ಜಗಳ ಮಾಡುದು?" ಎಂದಿದ್ದರು. ಕಾಕ ಅಲ್ಲೇ ಬಾಳೆಹಣ್ಣು ಸುಲಿಯುತ್ತ, ಬೇರೆ ಯಾರದೋ ಸುದ್ದಿ ಎಂಬಂತೆ ತಲೆ ಆಡಿಸಿದರು. ಪಾಪ, ಆ ತಾಯಿ ಅವರಿಗಿಂತ ಮೊದಲೇ ತೀರಿಕೊಂಡರು.

ಇಡೀ ಜೀವಮಾನ ಆನೆಯ ಮೇಲಿಂದ ಬೀಳದವರು ಬಚ್ಚಲಿನಲ್ಲಿ ಜಾರಿಬಿದ್ದರು. ಸೊಂಟದ ಮೂಳೆ ಹೋಯಿತು. ನಡೆಯುವಷ್ಟು ಸರಿಯಾಯಿತು, ಆನೆ ಹತ್ತುವಷ್ಟು ಆಗಲಿಲ್ಲ. ಧಣಿಗಳು ಹೊಸ ಮಾವುತನನ್ನು ಕರೆಸಿದರು. ಒಳ್ಳೆಯ ಹುಡುಗ, ಮದುವೆಯಾಗಿ ಮಕ್ಕಳಿದ್ದವನು, ಸ್ವಲ್ಪ ಹೆದರಿಕೆಯ ಸ್ವಭಾವ.

ಅವರ ಕಸುಬಿನಲ್ಲಿ ಒಂದು ಕಟ್ಟುಪಾಡು ಇತ್ತು. ಹಳಬ ತನ್ನ ಕೋಲನ್ನು ಆನೆಯ ಕಣ್ಣೆದುರೇ ಹೊಸಬನ ಕೈಗೆ ಕೊಟ್ಟು ತಿರುಗಿ ನಡೆಯಬೇಕು. ಆಮೇಲೆ ಆನೆಯ ಕಣ್ಣಿಗೆ ಬೀಳಬಾರದು, ಅದರ ಕಿವಿಗೆ ತನ್ನ ಮಾತು ಬೀಳಬಾರದು. ಹಳಬನ ಒಂದು ಮಾತು ಕೇಳಿದರೂ ಆನೆ ಮತ್ತೆ ಹೊಸಬನನ್ನು ಲೆಕ್ಕಕ್ಕೆ ಇಡುವುದಿಲ್ಲ ಎಂಬ ನಂಬಿಕೆ. ಕಾಕ ಕೋಲು ಕೊಟ್ಟು ಬಂದರು. ಬಂದವರು ಬಂಟ್ವಾಳಕ್ಕೆ ಹೋಗಬೇಕಿತ್ತಲ್ಲ, ಸೀದಾ ನನ್ನ ಅಂಗಡಿಗೆ ಬಂದರು. ನನ್ನ ಅಂಗಡಿಗೆ ತಾಗಿ ರಸ್ತೆ ಕಡೆ ಬಾಗಿಲಿನ ಒಂದು ಸಣ್ಣ ಕೋಣೆ ಇದೆ, ಹಿಂದೆ ಗೊನೆ ಹಣ್ಣು ಮಾಡಲು ಹೊಗೆ ಹಾಕುತ್ತಿದ್ದದ್ದು. ಅದನ್ನು ಕೇಳಿದರು.

"ಅದರಲ್ಲಿ ಮನುಷ್ಯರು ಇರ್ಲಿಕ್ಕುಂಟಾ ಕಾಕ? ಮಗಳು ಕರೀತಾ ಇದ್ದಾಳಲ್ಲ" ಎಂದೆ.

"ಬೇಸಿಗೆಯಲ್ಲಿ ಬೀಡಿನ ತೋಡು ಬತ್ತುತ್ತದೆ ಮಗಾ. ಅವಳನ್ನು ಮೀಯಿಸ್ಲಿಕ್ಕೆ ಇದೇ ದಾರಿಯಲ್ಲಿ ಕೆರೆಗೆ ತರ್ತಾರೆ. ನೋಡುದು ಬೇಡ. ಕೊರಳ ಗಂಟೆ ಕೇಳಿದ್ರೆ ಸಾಕು."

ನಾನು ಕೋಣೆ ಕೊಟ್ಟೆ. ನನ್ನ ಗಂಡ ಮಂಡೆಬಿಸಿ ಯಾಕೆ ಎಂದರು, ಅತ್ತೆ ಗೋಡೆಗೆ ಸುಣ್ಣ ಹೊಡೆಸಿದರು. ಆನೆ ಹೊರಡುವ ದಿನ ಹೊಸಬ ನನ್ನ ಫೋನಿಗೆ ಒಂದು ಮಿಸ್ಡ್ ಕಾಲ್ ಕೊಡುತ್ತಿದ್ದ. ನಾನು ಗೋಡೆಗೆ ತಟ್ಟುತ್ತಿದ್ದೆ. ಕೂಡಲೇ ಕಾಕ ಬೀಡಿ ಆರಿಸಿ, ಕೆಂಪು ಸಾಬೂನಿನಲ್ಲಿ ಚರ್ಮ ಕಿತ್ತುಬರುವ ಹಾಗೆ ತಿಕ್ಕಿ ಮಿಂದು, ಒಗೆದ ಅಂಗಿ ಹಾಕಿ, ಬಾಗಿಲು ಹಾಕಿಕೊಂಡು ಕೂರುತ್ತಿದ್ದರು. ತನ್ನ ವಾಸನೆ ಅವಳಿಗೆ ಸಿಗಬಾರದಲ್ಲ. ಅವಳು ದಾಟಿಹೋದ ಮೇಲೆ ನನಗೆ ಪರೀಕ್ಷೆ ಶುರು. ಎಡಗಾಲು ಎಳೆಯುತ್ತಿದ್ದಳಾ, ಕಿವಿ ಬೀಸುತ್ತಿದ್ದಳಾ, ಕಣ್ಣಿನಲ್ಲಿ ನೀರಿತ್ತಾ. ನಾನು ಹಣ್ಣು ತೂಗುವುದೋ ಆನೆಯ ಕಣ್ಣು ಒರೆಸುವುದೋ? ಸಿಟ್ಟು ಬರುತ್ತಿತ್ತು. ಆದರೂ ನೋಡಿ ಇಡುತ್ತಿದ್ದೆ.

ಅಷ್ಟು ಜಾಗ್ರತೆಗೆ ಕಾರಣವಿತ್ತು. ಬೆಳ್ತಂಗಡಿ ಕಡೆಯ ಒಂದು ಮೆರವಣಿಗೆಯಲ್ಲಿ ಅವಳು ಹೊಸಬನ ಮಾತು ಕೇಳದೆ ರಸ್ತೆ ಮಧ್ಯೆ ಕುಳಿತುಬಿಟ್ಟಿದ್ದಳು. ಮಾತು ಕೇಳದ ಆನೆಯನ್ನು ಜನರ ನಡುವೆ ಇಟ್ಟುಕೊಳ್ಳಲಾಗುವುದಿಲ್ಲ, ಇನ್ನೊಮ್ಮೆ ಹೀಗಾದರೆ ದೂರದ ಆನೆ ಶಿಬಿರಕ್ಕೆ ಕಳಿಸುವುದೇ ಎಂದು ಧಣಿಗಳು ಹೇಳಿದ್ದರು. ಅವರದ್ದೂ ತಪ್ಪಲ್ಲ. ಮರಿಯಿದ್ದಾಗಿನಿಂದ ಮನುಷ್ಯರ ನಡುವೆಯೇ ಬೆಳೆದವಳು ಈ ಪ್ರಾಯದಲ್ಲಿ ಗುರುತಿಲ್ಲದ ಆನೆಗಳ ಮಧ್ಯೆ ಬದುಕುವುದಿಲ್ಲ ಎಂದು ಕಾಕನಿಗೆ ಖಂಡಿತ ಗೊತ್ತಿತ್ತು. ಆ ಒಂದೇ ಹೆದರಿಕೆ ಅವರಿಗೆ.

ಆ ದಿನ ಅವರು ಕೆಮ್ಮಿದರು. ಅಷ್ಟೇ ಆದದ್ದು. ಎಷ್ಟು ತಡೆದರೋ ಏನೋ, ಅವಳು ಅಂಗಡಿಯ ಎದುರಿಗೆ ಬಂದಾಗಲೇ ಒಂದು ಕೆಮ್ಮು ಹೊರಗೆ ಬಂತು.

ಗಂಟೆ ನಿಂತಿತು. ಅವಳು ಬಾಗಿಲಿನ ಕಡೆ ತಿರುಗಿ ನಿಂತಳು. ಹೊಸಬ ಮೇಲಿಂದ ಕೂಗಿದ, ಕಾಲಿನಿಂದ ಒತ್ತಿದ, ಕೊನೆಗೆ ಕೈ ಮುಗಿದ. ಅವಳು ಕದಲಲಿಲ್ಲ. ಮಂಗಳೂರು ಬಸ್ಸುಗಳು, ಧರ್ಮಸ್ಥಳಕ್ಕೆ ಹೊರಟ ಜೀಪುಗಳು, ಎಲ್ಲ ಹಾರ್ನು ಹೊಡೆಯತೊಡಗಿದವು. ಜನ ಮೊಬೈಲ್ ಎತ್ತಿದರು. ಬಾಳೆಹಣ್ಣಿಗೆ ನಿಂತದ್ದು, ಕೊಡಿ ಅಕ್ಕ, ಎಂದರು ಯಾರೋ. ಕೊಟ್ಟೆ. ಅವಳು ತೆಗೆದುಕೊಳ್ಳಲಿಲ್ಲ.

ನಾನು ಒಳಬಾಗಿಲಿನಿಂದ ಕೋಣೆಗೆ ಹೋದೆ. ಕಾಕ ಮೈ ಒರೆಸುವ ಬೈರಾಸನ್ನು ಬಾಯಿಗೆ ತುರುಕಿಕೊಂಡು ಕುಳಿತಿದ್ದರು. "ಒಂದು ಮಾತು ಹೇಳಿ ಮಾರಾಯ್ರೆ, ಹೋಗ್ತಾಳೆ" ಎಂದೆ. ಅವರು ಬೈರಾಸು ತೆಗೆದು, ಹೊರಗೆ ಕೇಳಿಸದಷ್ಟು ಮೆತ್ತಗೆ ಹೇಳಿದರು: "ಇವತ್ತು ನಾನು ಹೇಳಿದ್ರೆ ಹೋಗ್ತಾಳೆ. ನಾಳೆ ಅವನು ಹೇಳಿದ್ರೆ ಹೋಗ್ಬೇಕಲ್ಲ ಮಗಾ."

ಆಮೇಲೆ ಬೈರಾಸನ್ನು ಮೊಳೆಗೆ ಸಿಕ್ಕಿಸಿ, ಎದ್ದು, ಚಿಲಕ ತೆಗೆದು ರಸ್ತೆಗೆ ಇಳಿದರು.

ಮಾತಾಡಿಸುತ್ತಾರೆ ಎಂದೇ ನಾನು ಎಣಿಸಿದೆ. ಅವರು ಮಾತಾಡಲಿಲ್ಲ, ತಲೆ ಎತ್ತಲಿಲ್ಲ. ಪೇಟೆಗೆ ಬಂದ ಯಾರೋ ಒಬ್ಬ ಮುದುಕನ ಹಾಗೆ ಅವಳ ಪಕ್ಕದಲ್ಲೇ ಕುಂಟುತ್ತ ನಡೆದರು. ಅವಳು ಸೊಂಡಿಲನ್ನು ಅವರ ಹೆಗಲ ಮೇಲೆ ಇಟ್ಟಳು. ಮೆಲ್ಲಗೆ, ಮಗು ಕೈ ಇಟ್ಟ ಹಾಗೆ. ಕಾಕನ ಬಲಗೈ ಸ್ವಲ್ಪ ಮೇಲೆದ್ದದ್ದನ್ನು ನಾನು ಕಂಡೆ. ಅದು ಮತ್ತೆ ಇಳಿಯಿತು. ಅವರು ಆ ಸೊಂಡಿಲಿನ ಕೆಳಗಿನಿಂದಲೇ ಮುಂದೆ ಹೋಗಿ, ನಿಂತಿದ್ದ ಬಂಟ್ವಾಳದ ಬಸ್ಸು ಹತ್ತಿ, ಆಚೆ ಬದಿಯ ಸೀಟಿನಲ್ಲಿ ಮುಖ ತಿರುಗಿಸಿ ಕುಳಿತರು. ಅವಳ ಎದೆಯೊಳಗಿನಿಂದ ಒಂದು ಗುಡುಗು ಬಂತು. ನನ್ನ ಕಾಲಡಿಯ ಹಲಗೆ ನಡುಗಿತು. ಬಸ್ಸು ಜಾಗ ಮಾಡಿಕೊಂಡು ಹೊರಟಿತು, ತಿರುವಿನಲ್ಲಿ ಮರೆಯಾಯಿತು.

ಹೊಸಬ ಮೆತ್ತಗೆ 'ನಡೆ' ಎಂದ. ಅವಳು ನಡೆದಳು. ಆಮೇಲೆ ಅವನ ಮಾತನ್ನು ಮೀರಿದ್ದು ನಾನು ಕೇಳಲಿಲ್ಲ. ಶಿಬಿರದ ಮಾತು ಅಲ್ಲಿಗೇ ನಿಂತಿತು.

ಕಾಕ ಮತ್ತೆ ಬರಲಿಲ್ಲ. ಫೋನು ಮಾಡಿದರೆ, ಆ ಕೋಣೆ ಅವಳ ದಾರಿಯಲ್ಲಿ ಉಂಟಲ್ಲ, ಬೇಡ ಎಂದರು. ಬೇರೆ ಏನು ಕೇಳಿದರೂ ಹ್ಞಾಂ, ಹ್ಞಾಂ... ಅಷ್ಟೇ. ನನಗೆ ಅವರ ಮೇಲೆ ಸಿಟ್ಟಿತ್ತು, ಈಗಲೂ ಇದೆ. ಒಮ್ಮೆ ಮುಟ್ಟಿದ್ದರೆ ಏನಾಗುತ್ತಿತ್ತು ಎಂದು ಎಷ್ಟೋ ಸಲ ಅನಿಸಿದೆ. ಏನಾಗುತ್ತಿತ್ತೆಂದು ಅವರಿಗೆ ಗೊತ್ತಿತ್ತು, ನನಗೆ ಗೊತ್ತಿಲ್ಲ.

ಕಳೆದ ಮಳೆಗಾಲದಲ್ಲಿ ಅವರ ಮಗಳು ಫೋನು ಮಾಡಿದಳು. ಅಷ್ಟು ಹೊತ್ತಿಗೆ ಮಸೀದಿಯಲ್ಲಿ ಮಣ್ಣು ಮಾಡಿ ಆಗಿತ್ತು. ಸುದ್ದಿ ತಿಳಿದು ಹೊಸಬ ಅಂಗಡಿಯ ಮೆಟ್ಟಿಲಲ್ಲಿ ಕುಳಿತು ಅತ್ತ. ಮಾವುತ ಸತ್ತರೆ ಮುಖವನ್ನು ಆನೆಗೆ ತೋರಿಸಬೇಕು, ಇಲ್ಲದಿದ್ದರೆ ಅದು ಕಾಯುತ್ತಲೇ ಇರುತ್ತದೆ ಎಂದ. ಮಗಳಿಗೂ ಅದು ಗೊತ್ತಿತ್ತು. ನಾನು ಹೋದರೆ ಬೀಡಿನವರಿಗೆ ಹೇಳಬೇಡ, ಅವಳು ಈಗ ಮರೆತಿರ್ತಾಳೆ, ಪುನಃ ಯಾಕೆ ನೆನಪು ಮಾಡುದು ಎಂದು ಕಾಕನೇ ತಡೆದಿದ್ದರಂತೆ.

ಮರೆತಿಲ್ಲ ಕಾಕ. ನೀವು ಬಸ್ಸು ಹತ್ತಿದ ದಿನದಿಂದ ಈಚೆಗೆ, ಕೆರೆಗೆ ಹೋಗುವಾಗಲೆಲ್ಲ ಅವಳು ಆ ಬಾಗಿಲೆದುರು ಒಂದು ಗಳಿಗೆ ನಿಲ್ಲುತ್ತಾಳೆ. ಹೊಸಬ 'ನಡೆ' ಎಂದರೆ ನಡೆಯುತ್ತಾಳೆ. ಅವನೇ ಬೇಗ ಹೇಳುವುದಿಲ್ಲ.

ಈ ಬೇಸಿಗೆಯಲ್ಲಿ ನನಗೊಂದು ಬುದ್ಧಿ ಹೊಳೆಯಿತು. ಮುಖವಂತೂ ಇಲ್ಲ, ಅವರ ಬೈರಾಸು ಇದೆಯಲ್ಲ, ಅದನ್ನಾದರೂ ತೋರಿಸುವ ಎಂದು ತಂದು ಅವಳೆದುರು ಹಿಡಿದೆ. ಅವಳು ತುಂಬ ಹೊತ್ತು ಮೂಸಿದಳು, ಮಡಿಕೆ ಬಿಡಿಸಿ ಮೂಸಿದಳು. ಮತ್ತೆ ನನ್ನ ಕೈಯಲ್ಲೇ ಇಟ್ಟಳು. ಅತ್ತೆ ಅದನ್ನು ಎಂದೋ ಸಾಬೂನು ಹಾಕಿ ಒಗೆದು ಮಡಚಿಟ್ಟಿದ್ದರು. ಬದುಕಿದ್ದಾಗ ಕಾಕ ಯಾವ ವಾಸನೆಯನ್ನು ಅಷ್ಟು ತಿಕ್ಕಿ ತೊಳೆಯುತ್ತಿದ್ದರೋ, ಅದು ಈಗ ನಿಜವಾಗಿಯೂ ಹೋಗಿತ್ತು.

ಹೊಸಬ ಈಗಲೂ ಮಿಸ್ಡ್ ಕಾಲ್ ಕೊಡುತ್ತಾನೆ. ಅಡಗಬೇಕಾದವರು ಯಾರೂ ಇಲ್ಲ, ಅವನಿಗೆ ಅಭ್ಯಾಸ. ಇವತ್ತು ಬೆಳಿಗ್ಗೆಯೂ ಬಂತು. ನನ್ನ ಕೈ ತಾನಾಗಿ ಗೋಡೆಯವರೆಗೆ ಹೋಯಿತು. ಆಮೇಲೆ ಎದ್ದು, ಸೊಂಟ ಹಿಡಿದುಕೊಂಡು ಆಚೆ ಹೋಗಿ, ಕೋಣೆಯ ಬಾಗಿಲನ್ನು ಪೂರ್ತಿ ತೆರೆದು ಕಲ್ಲು ಅಡ್ಡ ಇಟ್ಟು ಬಂದೆ. ಒಳಗೆ ಸುಣ್ಣದ ಗೋಡೆ, ಒಂದು ಮೊಳೆ. ಸೊಂಡಿಲು ಹಾಕಿ ಅವಳೇ ನೋಡಿಕೊಳ್ಳಲಿ, ಯಾರೂ ಇಲ್ಲ ಎಂದು. ಹೇಳುವುದಕ್ಕೆ ನನಗೆ ಬೇರೆ ದಾರಿ ಗೊತ್ತಿಲ್ಲ.